ರಾಜನ ಮಗಳಿಗೆ ದಿನಾ ಮಾಡೋ ಕೆಲಸ ಏನು? ನನ್ನ ಮಗಳು ಕೇಳಿದ್ದಕ್ಕೆ ಉತ್ತರ ಹೊಳೆಯಲಿಲ್ಲ

ಬೈಲಹೊಂಗಲದ ಪೈಪಂಗಡಿ

ಎಲ್ಲರಿಗೂ ಶರಣು. ಬೈಲಹೊಂಗಲದಲ್ಲಿ ನನ್ನದೊಂದು ಪೈಪು, ಮೋಟಾರು ಸಾಮಾನಿನ ಅಂಗಡಿ ಇದೆ. ಮಳೆ ಹಿಡಿದ ಮೇಲೆ ಬೋರ್‌ವೆಲ್ ಕಡೆ ಯಾರೂ ತಿರುಗಿ ನೋಡಲ್ಲ, ಗಿರಾಕಿ ಕಡಿಮೆ. ಮೊನ್ನೆ ಮಧ್ಯಾಹ್ನ ಊಟದ ಡಬ್ಬಿ ತಂದ ಮಗಳು ಅಲ್ಲೇ ಪೈಪಿನ ಸುರುಳಿ ಮೇಲೆ ಕೂತು ಫೋನ್ ನೋಡುತ್ತಿದ್ದಳು. ಸ್ಪೇನ್ ದೇಶದ ಯುವರಾಣಿ ಲಿಯೊನೋರ್ ಸೈನಿಕರ ಸಾಲಿನಲ್ಲಿ ನಿಂತ ವಿಡಿಯೋ. "ಅಪ್ಪಾ, ಅಕಿ ರಾಜನ ಮಗಳಂತ. ಹಂಗಾದ್ರ ಮಿಲಿಟರಿಗೆ ಯಾಕ ಹೋಗ್ಯಾಳ? ಅಕಿ ಕೆಲಸ ಏನು?" ಅಂದಳು.

ಸ್ವಲ್ಪ ಯೋಚಿಸಿ "ಕಾಯೋದು" ಅಂದೆ. ಮಗಳು ನಕ್ಕಳು, ನನಗೆ ನಗು ಬರಲಿಲ್ಲ.

ರಾತ್ರಿ ಕೂತು ಓದಿದೆ. ಇಂಗ್ಲೆಂಡಿನ ಚಾರ್ಲ್ಸ್ 1952ರಲ್ಲಿ ವಾರಸುದಾರ ಆದಾಗ ಮೂರು ವರ್ಷದ ಮಗು. ಪಟ್ಟಕ್ಕೆ ಬಂದಿದ್ದು 2022ರಲ್ಲಿ, ಆಗ ವಯಸ್ಸು 73. ಎಪ್ಪತ್ತು ವರ್ಷ ರೀ! ನಮ್ಮ ಕಡೆ ನೌಕರದಾರರು 60ಕ್ಕೆ ರಿಟೈರ್ ಆಗಿ ಹೂವಿನ ಹಾರ, ಶಾಲು ತಗೊಂಡು ಮನೆಗೆ ಬಂದಿರ್ತಾರೆ. ಈ ಮನುಷ್ಯನಿಗೆ 73ಕ್ಕೆ ನೌಕರಿ ಆರ್ಡರ್ ಬಂತು. ಅದೂ ಹೆತ್ತ ತಾಯಿ ತೀರಿಕೊಂಡ ದಿನವೇ. ಅಳೋದಕ್ಕೂ ಪುರಸೊತ್ತಿಲ್ಲ, ಮೊದಲು ಸಹಿ ಹಾಕಬೇಕು.

ಇದನ್ನು ಇಲ್ಲಿ ಕೇಳೋಣ ಅನ್ನಿಸಿತು. ಅರಮನೆಯ ವಾರಸುದಾರ ಅನ್ನೋದು ಒಂದು ಕೆಲಸವಾ, ಸುಮ್ನೆ ಅದೃಷ್ಟವಾ, ಇಲ್ಲ ಒಂಥರಾ ಚಿನ್ನದ ಪಂಜರದ ಶಿಕ್ಷೆಯಾ? ನಿಮ್ಮ ನಿಮ್ಮ ಅಭಿಪ್ರಾಯ ಹೇಳಿ. ಬೈದರೂ ನಡೆಯುತ್ತೆ.

ಟಿಳಕವಾಡಿ ಚಹಾ

ಶಿಕ್ಷೆ ಅಂತೆ! ಕಾಕಾ, ಆ ಶಿಕ್ಷೆ ನನಗೆ ಕೊಡಿಸಿ. ನಾಳೆಯಿಂದಲೇ ಬರ್ತೀನಿ, ಬಾಡಿಗೆ ಮನೆ ಖಾಲಿ ಮಾಡಿ.

ಚಾರ್ಲ್ಸ್‌ನ ಹಿರಿಮಗ, ಈಗಿನ ಯುವರಾಜ ವಿಲಿಯಂನದೇ ತಗೊಳ್ಳಿ. ಡಚಿ ಆಫ್ ಕಾರ್ನ್‌ವಾಲ್ ಅಂತ ಒಂದು ಜಹಗೀರು ಇದೆ, 1337ರಲ್ಲಿ ಮೂರನೇ ಎಡ್ವರ್ಡ್ ರಾಜ ತನ್ನ ಮಗನಿಗೆ ಮಾಡಿಕೊಟ್ಟಿದ್ದು. ಅಂದಿನಿಂದ ಇಂದಿನವರೆಗೆ ಪಟ್ಟಕ್ಕೆ ಬರೋ ಹಿರಿಮಗನ ಖರ್ಚಿಗೆ ಅಂತಲೇ ನಡೆದುಕೊಂಡು ಬಂದಿದೆ. 1 ಲಕ್ಷ 20 ಸಾವಿರ ಎಕರೆಗೂ ಜಾಸ್ತಿ ಜಮೀನು, ವರ್ಷಕ್ಕೆ ಸುಮಾರು 2.3 ಕೋಟಿ ಪೌಂಡ್ ಉತ್ಪನ್ನ. ನೀವು ಟಿವಿಯಲ್ಲಿ ಟೆಸ್ಟ್ ಮ್ಯಾಚ್ ನೋಡ್ತೀರಲ್ಲ, ಲಂಡನ್ನಿನ ಓವಲ್ ಮೈದಾನ, ಆ ಜಾಗವೂ ಅದರದ್ದೇ. ಇಷ್ಟೆಲ್ಲ ಇಟ್ಟುಕೊಂಡು ರಿಬ್ಬನ್ ಕತ್ತರಿಸಿ ಕೈಬೀಸಿ ಬರೋದು ಕೆಲಸ ಅಂದ್ರೆ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುವ ಹಮಾಲರು ಮಾಡೋದಕ್ಕೆ ಏನನ್ನಬೇಕು?

ಮುಧೋಳ ಬೇಟೆನಾಯಿ

ಅಣ್ಣಾ, ಒಂದು ವಿಷಯ ಬಿಟ್ಟೆ ನೋಡು. ಆ ಜಮೀನನ್ನು ಮಾರಿ ದುಡ್ಡು ಮಾಡಿಕೊಳ್ಳೋ ಹಕ್ಕು ಅವನಿಗಿಲ್ಲ. ಬಂದ ಉತ್ಪನ್ನ ಉಣ್ಣಬಹುದು, ಅಸಲು ಮುಟ್ಟಂಗಿಲ್ಲ. ನಮ್ಮ ಹಳೇ ವತನದ ಜಮೀನು ಇದ್ದ ಹಾಗೆ. ಅನುಭವಿಸು, ಮುಂದಿನವನಿಗೆ ದಾಟಿಸು, ಅಷ್ಟೇ.

ಇನ್ನೊಂದು. ಅದು ಹಿರಿಮಗನಿಗೆ ಮಾತ್ರ. ಎಲಿಜಬೆತ್ ರಾಣಿ ಪಟ್ಟಕ್ಕೆ ಬರೋ ಮುಂಚೆ ಹದಿನೈದು ವರ್ಷ ಮೊದಲ ವಾರಸುದಾರಳಾಗಿದ್ದರೂ ಈ ಜಹಗೀರು ಅವಳ ಕೈಗೆ ಬರಲಿಲ್ಲ. ಹೆಣ್ಣು ಅಲ್ವಾ! ಮುಂದೆ ಗಂಡು ಹುಟ್ಟಿದರೆ ಅಂತ ಕಾಗದದ ಮೇಲೆ ಆ ಜಾಗ ಖಾಲಿ ಇಟ್ಟಿದ್ದರು.

ನಮ್ಮೂರಲ್ಲೂ ರಾಜರಿದ್ದರು ಬಿಡಿ, ಘೋರ್ಪಡೆಯವರು. ಮಾಲೋಜಿರಾವ್ ರಾಜರು ಇಲ್ಲಿಯ ನಾಯಿಗಳನ್ನು ಒಯ್ದು ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟಿದ್ದರು. 1937ರಲ್ಲಿ ಅವರ ಮಗ ಪಟ್ಟಕ್ಕೆ ಬಂದಾಗ ಗೋಲಿ ಆಡುವ ವಯಸ್ಸು. ಬಲಿತು ರಾಜ್ಯ ಆಳೋ ಹೊತ್ತಿಗೆ 1948 ಬಂತು, ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿ ಹೋಯಿತು. ಹುಡುಗನಾಗಿದ್ದಾಗಿಂದ ಒಂದು ಕೆಲಸಕ್ಕೆ ತಯಾರಿ ಮಾಡಿಸಿದರು, ದೊಡ್ಡವನಾದಾಗ ಆ ಕೆಲಸವೇ ಇಲ್ಲ. ನಾಯಿಗೆ ಹೆಸರು ಉಳಿಯಿತು.

ಕ್ಯಾಂಪ್ ಸುಬೇದಾರ

ನಾನು ಮಾಜಿ ಸೈನಿಕ. ಬೆಳಗಾವಿ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರಿನಲ್ಲೇ ತರಬೇತಿ ಆಗಿದ್ದು. ಲಿಯೊನೋರ್ ವಿಷಯ ಬಂತಲ್ಲ, ಅದಕ್ಕೆ ಬರೀತಿದ್ದೇನೆ.

ಆ ಹುಡುಗಿ 2023ರ ಆಗಸ್ಟ್‌ನಲ್ಲಿ ಸರಗೋಸಾ ಮಿಲಿಟರಿ ಅಕಾಡೆಮಿ ಸೇರಿದಳು, ಇನ್ನೂ 18 ತುಂಬಿರಲಿಲ್ಲ. ಮೊದಲ ವರ್ಷ ಭೂಸೇನೆ, ಎರಡನೇ ವರ್ಷ ನೌಕಾಪಡೆ, ಮೂರನೇ ವರ್ಷ ವಾಯುಪಡೆ. 2025ರ ಜನವರಿಯಲ್ಲಿ ಎಲ್ಕಾನೊ ಅನ್ನೋ ಹಾಯಿಹಡಗು ಹತ್ತಿ ಅಟ್ಲಾಂಟಿಕ್ ದಾಟಿದಳು. ಸ್ಪೇನ್ ಸಂವಿಧಾನದ ಪ್ರಕಾರ ಅಲ್ಲಿಯ ರಾಜನೇ ಮೂರೂ ಪಡೆಗಳ ಮುಖ್ಯಸ್ಥ. ನಾಳೆ ರಾಣಿಯಾದರೆ ಇವಳಿಗೆ ಜನರಲ್‌ಗಳು ಸೆಲ್ಯೂಟ್ ಹೊಡೀತಾರೆ. ಸೆಲ್ಯೂಟ್ ತಗೊಳ್ಳೋರಿಗೆ ಸೆಲ್ಯೂಟ್ ಹೊಡೆದು ಗೊತ್ತಿರಬೇಕು ಅಂತ ಈ ಪದ್ಧತಿ.

ನಾಟಕ ಅಂತ ನೀವು ಅನ್ನಬಹುದು. ರಾಜನ ಮಗಳಿಗೆ ಯಾವ ಉಸ್ತಾದ (ತರಬೇತಿ ಕೊಡುವವನು) ರಗಡಾ, ಅಂದರೆ ಮೈಮುರಿಯೋ ಶಿಕ್ಷೆ, ಕೊಡ್ತಾನೆ ಅಂತ ನಾನೂ ಯೋಚಿಸಿದ್ದೆ. ಆದರೆ ಬೆನ್ನಿಗೆ ಪಿಟ್ಟು (ಸೈನಿಕರ ಭಾರದ ಚೀಲ) ಕಟ್ಟಿಕೊಂಡು ನಡೆದವರಿಗೆ ಗೊತ್ತು, ಪಿಟ್ಟು ಯಾರ ಮಗಳು ಅಂತ ಕೇಳಲ್ಲ. ನನ್ನ ಮೊದಲ ರೂಟ್ ಮಾರ್ಚ್ ಆದ ರಾತ್ರಿ ಬೂಟು ಬಿಚ್ಚಿದರೆ ಸಾಕ್ಸು ಹಿಮ್ಮಡಿಗೆ ಅಂಟಿಕೊಂಡಿತ್ತು, ನೀರು ಹಾಕಿ ನೆನೆಸಿ ಬಿಡಿಸಿದೆ. ಪಕ್ಕದ ಕಾಟಿನವನು ಅವರೂರಿನ ಗೌಡರ ಮಗ. ಅವನದೂ ಅದೇ ಗತಿ.

ನಾರ್ವೆಯ ಇಂಗ್ರಿಡ್ ಅಲೆಕ್ಸಾಂಡ್ರಾ ಕೂಡ 2024ರಲ್ಲಿ ಸೇನೆಯ ಇಂಜಿನಿಯರ್ ಬೆಟಾಲಿಯನ್ನಿನಲ್ಲಿದ್ದಳು. ಒಂದು ವರ್ಷ ಅಂತ ಹೋದವಳು ಇನ್ನಷ್ಟು ತಿಂಗಳು ಮುಂದುವರಿಸಿದಳು. ಆ ದೇಶದಲ್ಲಿ 2015ರಿಂದ ಹೆಣ್ಣುಮಕ್ಕಳಿಗೂ ಸೇನಾ ಸೇವೆಯ ಕಾನೂನು ಇದೆ. ಅದನ್ನು ಮೆಚ್ಚಬೇಕು.

ಸವದತ್ತಿ ಅಕ್ಕ

ಲಿಯೊನೋರ್ ಹೆಸರು ತೆಗೆದವರು ಒಂದು ಮಾತು ಮರೆತಿರಿ. ಅವಳಿಗೆ ತಮ್ಮ ಇದ್ದಿದ್ದರೆ ಈ ಯಾವುದೂ ಇರ್ತಿರಲಿಲ್ಲ! ಸ್ಪೇನ್‌ನ 1978ರ ಸಂವಿಧಾನದಲ್ಲಿ ಇವತ್ತಿಗೂ ಅಕ್ಕನಿಗಿಂತ ತಮ್ಮನೇ ಮುಂದೆ. ತಂಗಿ ಒಬ್ಬಳೇ ಇರೋದರಿಂದ ಇವಳು ಯುವರಾಣಿ.

ಸ್ವೀಡನ್ನಿನವರು ಇದನ್ನು 1980ರಲ್ಲೇ ಸರಿ ಮಾಡಿದರು. 1979ರ ಮೇನಲ್ಲಿ ರಾಜನಿಗೆ ಗಂಡುಮಗ ಹುಟ್ಟಿದ. ಕಾನೂನು ಆಗಲೇ ಬದಲಾಗುವ ಹಾದಿಯಲ್ಲಿತ್ತು. 1980ರ ಜನವರಿ 1ಕ್ಕೆ ಜಾರಿ ಬಂದಾಗ ಏಳು ತಿಂಗಳ ಕೂಸಿನಿಂದ ಕಿರೀಟ ಎರಡೂವರೆ ವರ್ಷದ ಅಕ್ಕ ವಿಕ್ಟೋರಿಯಾಗೆ ಹೋಯಿತು. ಅವರಪ್ಪ ರಾಜನಿಗೇ ಅದು ಇಷ್ಟ ಇರಲಿಲ್ಲ ಅಂತ ಎಲ್ಲರಿಗೂ ಗೊತ್ತು. ಇಂಗ್ಲೆಂಡಿನವರು ಎಚ್ಚೆತ್ತಿದ್ದು 2013ರಲ್ಲಿ. ಜಪಾನಿನವರು ಇನ್ನೂ ಎಚ್ಚೆತ್ತಿಲ್ಲ. ಅಲ್ಲಿ ಚಕ್ರವರ್ತಿಗೆ ಇರೋದು ಒಬ್ಬಳೇ ಮಗಳು ಐಕೋ. ಹೆಣ್ಣು ಅನ್ನೋ ಕಾರಣಕ್ಕೆ ಅವಳಿಗೆ ಪಟ್ಟ ಇಲ್ಲ, ಅದು ಚಿಕ್ಕಪ್ಪನಿಗೆ, ಆಮೇಲೆ ಅವನ ಮಗ ಹಿಸಾಹಿಟೊಗೆ. ಐಕೋ ರೆಡ್‌ಕ್ರಾಸ್‌ನಲ್ಲಿ ನೌಕರಿ ಮಾಡ್ತಿದ್ದಾಳೆ. ಮನೆತನದ ಹೊರಗೆ ಮದುವೆಯಾದರೆ ಅರಮನೆಯ ಹೆಸರೂ ಬಿಡಬೇಕು.

ನಗಬೇಡಿ, ನಮ್ಮದೇನು ಕಡಿಮೆಯಾ? ಕರ್ನಾಟಕದಲ್ಲಿ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ತಿದ್ದುಪಡಿ ಬಂತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಆದರೂ ಅಪ್ಪ ತೀರಿಕೊಂಡ ವರ್ಷ ಅಣ್ಣ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದ. ದಾರಿಯಲ್ಲಿ ಕಬ್ಬಿನ ಹಾಲು ಕುಡಿಸಿದ. ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿಕೊಂಡರು. ಜಮೀನಿನ ಉತಾರದಲ್ಲಿ ನನ್ನ ಹೆಸರು ಒಂದು ದಿನವೂ ಬರಲಿಲ್ಲ. ಮೂರೂವರೆ ಎಕರೆ ಎರೆಭೂಮಿ. ಅಣ್ಣ ಕೆಟ್ಟವನಲ್ಲ, ನಾಗರ ಪಂಚಮಿಗೆ ಇವತ್ತಿಗೂ ಉಂಡಿ ಕಟ್ಟಿಸಿ ಕಳಿಸ್ತಾನೆ. ಆದರೆ "ನಿನಗೆ ಬೇಕಾ?" ಅಂತ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಬಹುಶಃ ಬೇಡ ಅಂತಲೇ ಹೇಳ್ತಿದ್ದೆ.

ಟಿಳಕವಾಡಿ ಚಹಾ

ಅಕ್ಕಾ, ಕಬ್ಬಿನ ಹಾಲು ಮನಸ್ಸಿಗೆ ತಾಗಿತು. ನನ್ನ ಜೋಕು ವಾಪಸ್.

ಕಿತ್ತೂರ ಕೋಟೆ ಕಲ್ಲು

ಬೈಲಹೊಂಗಲದವರೇ, ಚೆನ್ನಮ್ಮನ ಸಮಾಧಿ ಇರೋ ಊರಲ್ಲಿ ಅಂಗಡಿ ಇಟ್ಟುಕೊಂಡು ಸ್ಪೇನು, ಸ್ವೀಡನ್ನು ಸುತ್ತುತ್ತಿದ್ದೀರಲ್ಲ! ವಾರಸುದಾರ ಅನ್ನೋ ಶಬ್ದಕ್ಕೆ ನಮ್ಮಷ್ಟು ಬೆಲೆ ಕೊಟ್ಟವರು ಯಾರಿದ್ದಾರೆ?

1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಶಿವಲಿಂಗಪ್ಪ ಅನ್ನೋ ಹುಡುಗನನ್ನು ದತ್ತಕ ತಗೊಂಡಿದ್ದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಖಜಾನೆಗೆ ಬೀಗ ಹಾಕಿಸಿದ. ಉಳಿದಿದ್ದು ನಿಮಗೆ ಗೊತ್ತು. ಅಕ್ಟೋಬರ್ 23ಕ್ಕೆ ಕೋಟೆ ಬಾಗಿಲ ಮುಂದೆ ಥ್ಯಾಕರೆ ಸತ್ತ, ಡಿಸೆಂಬರಿನಲ್ಲಿ ಕೋಟೆ ಬಿತ್ತು, ಚೆನ್ನಮ್ಮ ನಿಮ್ಮೂರಿನ ಸೆರೆಯಲ್ಲೇ 1829ರಲ್ಲಿ ಕಣ್ಣು ಮುಚ್ಚಿದಳು. ಸಂಗೊಳ್ಳಿ ರಾಯಣ್ಣ ಆಮೇಲೂ ಹೋರಾಡಿದ್ದು ಅದೇ ದತ್ತಕ ಹುಡುಗನನ್ನು ಗದ್ದುಗೆ ಮೇಲೆ ಕೂರಿಸಬೇಕು ಅಂತ. ಅವನನ್ನು 1831ರ ಜನವರಿ 26ಕ್ಕೆ ನಂದಗಡದಲ್ಲಿ ಗಲ್ಲಿಗೇರಿಸಿದರು.

ಅದೇ ಮೈಸೂರಿನದು ನೋಡಿ. ಮುಮ್ಮಡಿಯವರು 1865ರಲ್ಲಿ ದತ್ತಕ ತಗೊಂಡರು, ಬ್ರಿಟಿಷರು ಮೊದಲು ಗೊಣಗಿ ಆಮೇಲೆ ಒಪ್ಪಿದರು, 1881ರಲ್ಲಿ ರಾಜ್ಯವನ್ನೇ ವಾಪಸ್ ಕೊಟ್ಟರು. 2015ರಲ್ಲಿ ಮತ್ತೆ ದತ್ತಕ, ಯದುವೀರ್ ಅವರದು. ಮೈಸೂರಿಗೆ ದತ್ತಕ ನಡೆಯಿತು, ಕಿತ್ತೂರಿಗೆ ನಡೆಯಲಿಲ್ಲ. ನನಗೆ ಈ ಸಿಟ್ಟು ಶಾಲೆಯ ದಿನದಿಂದ ಇದೆ.

ಅಂದ ಹಾಗೆ ಶಿವಲಿಂಗಪ್ಪನ ಬಗ್ಗೆ ಯಾರೂ ಮಾತಾಡಲ್ಲ. ಇಷ್ಟೆಲ್ಲ ನಡೆದಿದ್ದು ಅವನ ಹೆಸರಿನಲ್ಲಿ. ಉತ್ಸವದಲ್ಲಿ ಚೆನ್ನಮ್ಮನ ವೇಷ, ರಾಯಣ್ಣನ ವೇಷ, ಥ್ಯಾಕರೆ ವೇಷ ಕೂಡ ನೋಡಿದ್ದೇನೆ (ಹ್ಯಾಟು ಹಾಕಿಕೊಂಡ ನಮ್ಮ ಗಲ್ಲಿ ಹುಡುಗ, ಮೀಸೆಗೆ ಕಾಡಿಗೆ). ಆ ದತ್ತಕ ಹುಡುಗನ ವೇಷ ನಾನು ಕಂಡಿಲ್ಲ.

ಗೋಳಗುಮ್ಮಟ ಪ್ರತಿಧ್ವನಿ

ವಿಜಯಪುರದ್ದೂ ಸೇರಿಸಿಕೊಳ್ಳಿ. ಸಿಕಂದರ್ ಆದಿಲ್ ಶಾ 1672ರಲ್ಲಿ ಪಟ್ಟಕ್ಕೆ ಬಂದಾಗ ನಾಲ್ಕೈದು ವರ್ಷದ ಮಗು. ಸರದಾರರು ತಮ್ಮ ತಮ್ಮಲ್ಲೇ ಹೊಡೆದಾಡಿದರು. 1686ರಲ್ಲಿ ಔರಂಗಜೇಬ್ ಬಂದು ಊರು ತಗೊಂಡಾಗ ಹುಡುಗನಿಗೆ ಇನ್ನೂ ಇಪ್ಪತ್ತೂ ಆಗಿರಲಿಲ್ಲ. ಉಳಿದ ಆಯುಷ್ಯ ಸೆರೆಯಲ್ಲಿ ಹೋಯಿತು. ಆಗಿನ ವಾರಸುದಾರನಿಗೆ ಪ್ರಾಣಭಯ, ಈಗಿನವರಿಗೆ ಕ್ಯಾಮೆರಾ ಭಯ. ನನ್ನನ್ನು ಕೇಳಿದರೆ ಕ್ಯಾಮೆರಾ ವಾಸಿ.

ನೈಟ್ ಡ್ಯೂಟಿ ಸಿಸ್ಟರ್

ಈಗಲೂ ಪ್ರಾಣಭಯ ಇದೆ ಸರ್. ನೆದರ್ಲೆಂಡ್ಸ್ ಯುವರಾಣಿ ಅಮಾಲಿಯಾ 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಾಲೇಜು ಸೇರಿ, ಗೆಳತಿಯರ ಜೊತೆ ರೂಮ್ ಮಾಡಿಕೊಂಡಿದ್ದಳು. ಅಪಹರಣದ ಬೆದರಿಕೆ ಅಂತ ಕೆಲವೇ ವಾರಗಳಲ್ಲಿ ರೂಮ್ ಬಿಟ್ಟು ಅರಮನೆಗೆ ಬರಬೇಕಾಯಿತು. ಆಮೇಲೆ ಸುಮಾರು ದಿನ ಸ್ಪೇನ್‌ನಲ್ಲಿದ್ದು ಓದಿದಳು. ಹಾಸ್ಟೆಲಿನಲ್ಲಿ ರಾತ್ರಿ ಹನ್ನೊಂದಕ್ಕೆ ನಾಲ್ವರು ಸೇರಿ ಮಂಡಕ್ಕಿ ಚುರುಮುರಿ ಮಾಡಿಕೊಂಡು ತಿನ್ನೋ ಸುಖ ಆ ಮಗುವಿಗೆ ಸಿಗಲಿಲ್ಲ. 18 ತುಂಬಿದಾಗ ಅವಳಿಗೆ ವರ್ಷಕ್ಕೆ ಸುಮಾರು 16 ಲಕ್ಷ ಯೂರೋ ಬರಬೇಕಿತ್ತು. ಓದು ಮುಗಿಯೋವರೆಗೆ ಬೇಡ, ಅದಕ್ಕೆ ತಕ್ಕ ಕೆಲಸ ನಾನಿನ್ನೂ ಮಾಡ್ತಿಲ್ಲ ಅಂತ ಪ್ರಧಾನಿಗೆ ಪತ್ರ ಬರೆದಳು.

ಟಿಳಕವಾಡಿಯವರು ಕೈಬೀಸೋದು ಕೆಲಸವಾ ಅಂದಿರಲ್ಲ, ನಾನು ನೋಡಿದ್ದು ಹೇಳ್ತೀನಿ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಯಾವ ಊರು ಅಂತ ಬೇಡ. ದೊಡ್ಡ ಮನುಷ್ಯರು ಬರ್ತಾರೆ ಅಂದರೆ ಹಿಂದಿನ ರಾತ್ರಿ ನಮಗೆ ನಿದ್ದೆ ಇಲ್ಲ. ಹೊಸ ಬೆಡ್‌ಶೀಟು, ಫಿನಾಯಿಲು, ಗೋಡೆಗೆ ಅರ್ಧಕ್ಕೆ ಮಾತ್ರ ಬಣ್ಣ, ಫೋಟೋದಲ್ಲಿ ಬೀಳೋವಷ್ಟು. ಬಂದವರು ಬಾಗಿಲಲ್ಲಿ ನಿಂತು ಹಣ್ಣಿನ ಬುಟ್ಟಿ ಕೊಟ್ಟು, ಕ್ಯಾಮೆರಾ ಕಡೆ ತಿರುಗಿ ಹೋಗಿಬಿಡ್ತಾರೆ. ಆದರೆ ಒಬ್ಬರು ಹೆಣ್ಣುಮಗಳು ಬಂದಿದ್ದರು. ದೊಡ್ಡ ಹುದ್ದೆಯವರು, ಹೆಸರು ಬೇಡ. ಮೂಲೆ ಮಂಚದಲ್ಲಿ ಒಬ್ಬ ಅಜ್ಜಿ ಇದ್ದಳು, ಅವಳನ್ನು ನೋಡೋಕೆ ಯಾರೂ ಬರ್ತಿರಲಿಲ್ಲ. ಇವರು ಸ್ಟೂಲ್ ಎಳೆದುಕೊಂಡು ಅಜ್ಜಿಯ ಕೈ ಹಿಡಿದು, "ನಿಮ್ಮೂರಲ್ಲಿ ಈ ಸಲ ಜೋಳ ಹೆಂಗ ಬಂದೈತಿ?" ಅಂತ ಕೇಳಿದರು. ಐದು ನಿಮಿಷ. ಅಜ್ಜಿ ಅದನ್ನು ಡಿಸ್ಚಾರ್ಜ್ ಆಗೋವರೆಗೆ ದಿನಾ ಹೇಳಿದಳು. ಆ ಐದು ನಿಮಿಷ ನಾಟಕ ಇದ್ದರೂ ಇರಬಹುದು, ಅಜ್ಜಿ ಆವತ್ತು ಎರಡು ರೊಟ್ಟಿ ತಿಂದಿದ್ದಂತೂ ಖರೆ.

1987ರಲ್ಲಿ ಡಯಾನಾ ಲಂಡನ್ ಆಸ್ಪತ್ರೆಯಲ್ಲಿ ಕೈಗವಸು ಇಲ್ಲದೆ ಏಡ್ಸ್ ರೋಗಿಯ ಕೈ ಕುಲುಕಿದ್ದು ಇದೇ ತರಹದ ಕೆಲಸ. ಮಗ ವಿಲಿಯಂನನ್ನು ಸಣ್ಣವನಿದ್ದಾಗಲೇ ಮನೆ ಇಲ್ಲದವರ ಆಶ್ರಯಧಾಮಕ್ಕೆ ಕರೆದುಕೊಂಡು ಹೋಗ್ತಿದ್ದಳು. ಅವನು 2023ರಲ್ಲಿ ಮನೆ ಇಲ್ಲದವರಿಗಾಗಿ ಆರು ಊರುಗಳಲ್ಲಿ ಒಂದು ಯೋಜನೆ ಶುರು ಮಾಡಿದ. ಅದಕ್ಕೂ ಮುಂಚೆ 2015ರಿಂದ 2017ರವರೆಗೆ ಏರ್ ಆಂಬುಲೆನ್ಸ್ ಹೆಲಿಕಾಪ್ಟರ್ ಪೈಲಟ್ ಆಗಿ ಶಿಫ್ಟ್ ಮಾಡಿದ್ದಾನೆ, ಸಂಬಳ ದಾನ ಕೊಟ್ಟು. ಶಿಫ್ಟ್ ಡ್ಯೂಟಿ ಮಾಡಿದವರನ್ನು ನಾನು ಅಷ್ಟು ಬೇಗ ಬೈಯಲ್ಲ.

ಟಿಳಕವಾಡಿ ಚಹಾ

ಸಿಸ್ಟರ್, ಒಪ್ಪಿದೆ. ಆದರೂ ವಿಲಿಯಂನ ಆ ಜಮೀನು ಅಲ್ಲಿಯ ಜನಸಾಮಾನ್ಯರದ್ದು ಅನ್ನೋ ಮಾತು ನಾನು ಬಿಡಲ್ಲ. ಮನೆ ಇಲ್ಲದವರ ಬಗ್ಗೆ ಲಕ್ಷಗಟ್ಟಲೆ ಎಕರೆ ಇರೋನು ಮಾತಾಡೋದು ನನಗೆ ಇನ್ನೂ ಗಂಟಲಲ್ಲಿ ಇಳೀತಿಲ್ಲ. ನಮ್ಮ ದೇಶ 1971ರಲ್ಲಿ ಸಂವಿಧಾನಕ್ಕೆ 26ನೇ ತಿದ್ದುಪಡಿ ಮಾಡಿ, ಹಳೇ ರಾಜರಿಗೆ ಸರ್ಕಾರ ಕೊಡ್ತಿದ್ದ ರಾಜಧನ ನಿಲ್ಲಿಸಿತು. ಮೈಸೂರಿಗೆ ವರ್ಷಕ್ಕೆ 26 ಲಕ್ಷ ಹೋಗ್ತಿತ್ತು. ನಿಲ್ಲಿಸಿದ್ದು ಸರಿ. ಯದುವೀರ್ ದಸರಾದಲ್ಲಿ ಖಾಸಗಿ ದರ್ಬಾರ್ ಮಾಡ್ತಾರೆ, ಸಂತೋಷ. ಆದರೆ ಅಧಿಕಾರಕ್ಕೆ ಅಂತ 2024ರಲ್ಲಿ ಎಲ್ಲರ ಹಾಗೆ ನಾಮಪತ್ರ ಹಾಕಿ, ಓಟು ಕೇಳಿ, ಸಂಸದರಾದರು. ಅವರ ಪಕ್ಷ ನಿಮಗೆ ಹಿಡಿಸಲಿ ಬಿಡಲಿ, ಜನ ಬೇಡ ಅಂದರೆ ಐದು ವರ್ಷಕ್ಕೆ ಇಳಿಸಬಹುದು. ವಿಲಿಯಂನನ್ನು ಇಳಿಸೋಕೆ ಆಗುತ್ತಾ?

ಮುಧೋಳ ಬೇಟೆನಾಯಿ

ಇಳಿಸೋಕೂ ಆಗಲ್ಲ, ಅವನಾಗಿ ಬಾಯಿ ಬಿಡೋಕೂ ಆಗಲ್ಲ. ಚಾರ್ಲ್ಸ್ ಯುವರಾಜ ಇದ್ದಾಗ ಮಂತ್ರಿಗಳಿಗೆ ಕೈಬರಹದಲ್ಲಿ ಪತ್ರ ಬರೆದು ಬರೆದು ಬೈಸಿಕೊಂಡ. ಕೋರ್ಟಿನವರೆಗೆ ಹೋಗಿ 2015ರಲ್ಲಿ ಆ ಪತ್ರಗಳಲ್ಲಿ ಕೆಲವು ಬಹಿರಂಗ ಆದವು. ಆದರೆ ಒಂದು ಒಳ್ಳೆ ಕೆಲಸ ಮಾಡಿದ್ದಾನೆ. 1976ರಲ್ಲಿ ನೌಕಾಪಡೆ ಬಿಟ್ಟಾಗ ಬಂದ 7,400 ಪೌಂಡ್ ಹಾಕಿ, ಕೆಲಸ ಸಿಗದ ಹುಡುಗರಿಗೆ ಅಂತ ಒಂದು ಟ್ರಸ್ಟ್ ಶುರು ಮಾಡಿದ. ಕಾಯುವ ಕೆಲಸದಲ್ಲಿದ್ದವನು ಕೆಲಸ ಇಲ್ಲದವರಿಗೆ ಕೆಲಸ ಹುಡುಕಿದ.

ಸವದತ್ತಿ ಅಕ್ಕ

ಹಾಗಾದರೆ ನಮ್ಮ ಶಿರಸಂಗಿ ಲಿಂಗರಾಜರನ್ನು ಯಾಕೆ ಬಿಟ್ಟಿರಿ? ನಮ್ಮ ತಾಲೂಕಿನವರು. ಬೇರೆ ಮನೆಯಲ್ಲಿ ಹುಟ್ಟಿದ ಹುಡುಗ, ಶಿರಸಂಗಿ ದೇಸಗತಿಗೆ ದತ್ತಕ ಬಂದರು. ದೊಡ್ಡ ವಾಡೆ, ಊರೂರಲ್ಲಿ ಜಮೀನು. 1906ರಲ್ಲಿ ತೀರಿಕೊಳ್ಳೋ ಮುಂಚೆ ಆಸ್ತಿಯನ್ನೆಲ್ಲ ಮಕ್ಕಳ ಓದಿಗೆ ಬರೆದಿಟ್ಟರು. ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಅಂತ ಹೇಳ್ತೀವಲ್ಲ, ಅದು ಅವರ ಹೆಸರು. ನಮ್ಮ ಕಾಕಾ ಆ ಟ್ರಸ್ಟಿನ ದುಡ್ಡಿನಲ್ಲೇ ಡಿಗ್ರಿ ಮುಗಿಸಿದರು. ಒಬ್ಬ ವಾರಸುದಾರ ಹೋಗಿ ಸಾವಿರಾರು ವಾರಸುದಾರರಾದರು.

ಕಿತ್ತೂರ ಕೋಟೆ ಕಲ್ಲು

ಅಕ್ಕಾ, ಇದಕ್ಕೆ ನನ್ನ ಕಡೆಯಿಂದ ಒಂದು ಕೆಜಿ ಕರದಂಟು.

ಬೈಲಹೊಂಗಲದ ಪೈಪಂಗಡಿ

ಎಲ್ಲರ ಮಾತು ಓದಿದೆ. ನನ್ನದೂ ಒಂದು ಹೇಳಿಬಿಡ್ತೀನಿ, ಇಷ್ಟು ದಿನ ಯಾರಿಗೂ ಹೇಳಿಲ್ಲ.

ನನಗೆ ಡ್ರಾಯಿಂಗ್ ಮಾಸ್ತರ ಆಗೋ ಆಸೆ ಇತ್ತು. ಪಿಯುಸಿ ಪರೀಕ್ಷೆ ಮುಗಿದ ವಾರವೇ ಅಪ್ಪನಿಗೆ ಲಕ್ವಾ ಹೊಡೆಯಿತು, ಮರುದಿನ ನಾನು ಗಲ್ಲೆದ ಮೇಲೆ ಕೂತೆ. ಇವತ್ತಿಗೆ 31 ವರ್ಷ. ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಈಗಲೂ ಎತ್ತು, ಬಾವಿ, ಗಿರಾಕಿಗಳ ಮೂಗು ಬರೀತಿರ್ತೀನಿ. ಬೋರ್ಡಿನ ಮೇಲೆ ಅಂಗಡಿ ಹೆಸರಿನ ಮುಂದೆ "ಮತ್ತು ಸನ್ಸ್" ಅಂತ ನಾನು ಹುಟ್ಟೋ ಮುಂಚೆಯೇ ಬರೆಸಿದ್ದರು!

ಸ್ವೀಡನ್ನಿನ ವಿಕ್ಟೋರಿಯಾ ಬಗ್ಗೆ ಓದುವಾಗ ಇದೇ ನೆನಪಾಯಿತು. ಇಪ್ಪತ್ತರ ವಯಸ್ಸಿನಲ್ಲಿ ಆ ಹುಡುಗಿಗೆ ಊಟವೇ ಸೇರದ ಕಾಯಿಲೆ ಬಂತು. 1997ರಲ್ಲಿ ಅರಮನೆಯೇ ಅದನ್ನು ಹೇಳಬೇಕಾಯಿತು, ಮುಚ್ಚಿಡೋ ಹಾಗಿರಲಿಲ್ಲ. ಎಲ್ಲರೂ ನೋಡ್ತಾರೆ, ಯಾರೂ ಕೇಳಲ್ಲ. ಮುಂದೆ ಜಿಮ್ ನಡೆಸುತ್ತಿದ್ದ ಹುಡುಗನನ್ನು ಇಷ್ಟಪಟ್ಟು 2010ರಲ್ಲಿ ಮದುವೆಯಾದಳು. ಅಷ್ಟಾದರೂ ತನ್ನ ಮನಸ್ಸಿನಂತೆ ನಡೆಯಿತಲ್ಲ.

ನೆದರ್ಲೆಂಡ್ಸ್‌ನವರು ಈ ವಿಷಯದಲ್ಲಿ ಜಾಣರು. 1948, 1980, 2013, ಮೂರು ಸಲವೂ ರಾಣಿಯರು ಬದುಕಿರುವಾಗಲೇ ಮುಂದಿನವರಿಗೆ ಬಿಟ್ಟುಕೊಟ್ಟರು. ಡೆನ್ಮಾರ್ಕಿನ ಮಾರ್ಗ್ರೆಟಾ ರಾಣಿಯೂ 52 ವರ್ಷ ಆಳಿ 2024ರ ಜನವರಿ 14ಕ್ಕೆ ಮಗನಿಗೆ ಕೊಟ್ಟು ಎದ್ದರು. ಕೀಲಿ ಕೊಡೋದಿದ್ದರೆ ಕೈ ಗಟ್ಟಿ ಇರುವಾಗಲೇ ಕೊಡಬೇಕು. ನಮ್ಮಪ್ಪ ಕೀಲಿ ಕೊಡಲಿಲ್ಲ, ಅವರ ಕೈಯಿಂದ ಜಾರಿತು, ನಾನು ಎತ್ತಿಕೊಂಡೆ.

ನಿನ್ನೆ ರಾತ್ರಿ ಮಗನನ್ನು ಕೂರಿಸಿಕೊಂಡು, "ಅಂಗಡಿ ನಿನಗೆ ಬೇಕೇನಪಾ?" ಅಂತ ಕೇಳಿದೆ. ಇಂಜಿನಿಯರಿಂಗ್ ಎರಡನೇ ವರ್ಷ. ಸುಮಾರು ಹೊತ್ತು ಸುಮ್ಮನಿದ್ದು, "ಇಲ್ಲಪ್ಪಾ, ಆದರ ನೀ ಬೇಜಾರಾಗ್ತಿ ಅಂತ ಹೇಳಿರಲಿಲ್ಲ" ಅಂದ. ಬೇಜಾರಾಯಿತು, ಸುಳ್ಳು ಹೇಳಲ್ಲ. ಆದರೆ ಮನಸ್ಸಿನ ಭಾರ ಇಳಿದ ಹಾಗೂ ಆಯಿತು.

ಕ್ಯಾಂಪ್ ಸುಬೇದಾರ

ಒಳ್ಳೆ ಕೆಲಸ ಮಾಡಿದಿರಿ ಸಾಹೇಬ್ರೆ. ಹುಡುಗನೂ ಧೈರ್ಯಸ್ಥ.

ಸವದತ್ತಿ ಅಕ್ಕ

ಅಣ್ಣಾರೆ, ಮಗನನ್ನು ಕೇಳಿದಿರಿ. ಪೈಪಿನ ಸುರುಳಿ ಮೇಲೆ ಕೂತವಳನ್ನು ಕೇಳಿದಿರಾ?

ಬೈಲಹೊಂಗಲದ ಪೈಪಂಗಡಿ

ಇಲ್ಲ ಅಕ್ಕಾರೆ. ಹೊಳೆಯಲೇ ಇಲ್ಲ. ಈಗ ಡಬ್ಬಿ ತರ್ತಾಳೆ, ಕೇಳ್ತೀನಿ.

ಟಿಳಕವಾಡಿ ಚಹಾ

ಕಾಯ್ತಿದ್ದೀವಿ. ಎಪ್ಪತ್ತು ವರ್ಷ ಮಾಡಬೇಡಿ.

ಬೈಲಹೊಂಗಲದ ಪೈಪಂಗಡಿ

ಕೇಳಿದೆ. "ಸಂಬಳ ಎಷ್ಟ ಕೊಡ್ತಿ?" ಅಂದಳು.